ಹೆಬ್ಬೆರಳಿನ ದೋಷ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿದವನು ಭದ್ರಾ ಹೊಳೆಗೆ ಹಾರುತ್ತಾನೆ. ಏಪ್ರಿಲ್ ತಿಂಗಳಲ್ಲಿ, ಮೊಣಕಾಲುದ್ದ ನೀರಿರುವಾಗ, ಆದರೂ ಹಾರುವುದು ಹಾರುವುದೇ. ಪರೀಕ್ಷೆಯ ಅರ್ಜಿಯ ಕೊನೆಗೆ ಒಂದು ಚೌಕವಿರುತ್ತದಲ್ಲ, 'ಮೇಲೆ ಹೇಳಿದ್ದೆಲ್ಲ ಸತ್ಯ, ಸುಳ್ಳಾದರೆ ನನ್ನನ್ನು ಹೊರಗೆ ಹಾಕಿ' ಎಂದು? ಆ ಚೌಕಕ್ಕೆ ಮೊದಲೇ ಗುರುತು ಹಾಕಿ ಈ ಕಥೆ ಶುರುವಾಗುತ್ತದೆ.

ಅದೂ ಸಾಲದಿದ್ದರೆ ಸಾಕ್ಷಿ ಎದುರಿಗೇ ಕೂತಿದ್ದಾನೆ. ಹೆಸರು ಧರ್ಮೇಂದ್ರ. ಹೆಬ್ಬೆಟ್ಟಿನ ಯಂತ್ರ ಬಾಡಿಗೆಗೆ ಕೊಡುವ ಕಂಪನಿಯೊಂದರ ಕೆಲಸಗಾರ. ಭದ್ರಾವತಿಯ ಈ ಟೀ ಅಂಗಡಿಗೆ ದಿನಾ ಬರುತ್ತಾನೆ. ಅವನ ಲೋಟದ ಕೆಳಗೆ ಒಂದು ಕಾಗದವಿದೆ. ಅದರ ಸಂಗತಿ ಆಮೇಲೆ. ಎಲ್ಲಿ ತಪ್ಪಾದರೂ ಅವನು ತಡೆಯಬಹುದು. ಇಲ್ಲಿಯವರೆಗೆ ತಡೆದಿಲ್ಲ.

ಕವನ ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿದವಳು. ಅವಳಿಗೆ ಎಂ.ಎಸ್ಸಿ. ಮಾಡಬೇಕಿತ್ತು. ಆಸೆ ಇಷ್ಟೇ. ಅದಕ್ಕೆ ಮೂರು ಬಾಗಿಲು, ಮೂರು ಪರೀಕ್ಷೆ. ಮೂರಕ್ಕೂ ಇಂಗ್ಲಿಷ್ ಅಕ್ಷರಗಳ ಗೊಂಚಲು ಹೆಸರು. ಅವಳ ತಾಯಿ ಹುಲಿಗೆಮ್ಮನಿಗೆ ಆ ಹೆಸರುಗಳು ನಾಲಿಗೆಗೆ ಹತ್ತಲಿಲ್ಲ. ಹಾಗಾಗಿ ಆ ಮನೆಯಲ್ಲಿ ಅವು ಫೆಬ್ರವರಿ, ಮಾರ್ಚ್, ಜುಲೈ ಎಂದಾದವು.

ಶಿವಮೊಗ್ಗದ ವಿನೋಬನಗರದಲ್ಲಿ ತ್ರಿವಿಕ್ರಮ ಎಂಬ ಮೇಷ್ಟ್ರ ಕೋಚಿಂಗ್ ಸೆಂಟರಿದೆ. ಕವನ ಬೆಳಿಗ್ಗೆ ಅಲ್ಲಿ ಕಸ ಗುಡಿಸುತ್ತಿದ್ದಳು, ಬೆಂಚು ಒರೆಸುತ್ತಿದ್ದಳು, ಕಕ್ಕಸು ತೊಳೆಯುತ್ತಿದ್ದಳು. ಆಮೇಲೆ ಅದೇ ಬೆಂಚಿನ ಕೊನೆಯಲ್ಲಿ ಕೂತು ಪಾಠ ಕೇಳುತ್ತಿದ್ದಳು. ಮೇಷ್ಟ್ರು ದಯಾವಂತರು. ಪೊರಕೆ ಅವರೇ ಕೊಡಿಸಿದ್ದರು.

ಮೇಷ್ಟ್ರು ಬೋರ್ಡಿನ ಮೇಲೆ ಮೂರು ಪರೀಕ್ಷೆಗಳ ಹೋಲಿಕೆಯ ಪಟ್ಟಿ ಬರೆದರು. ಪ್ರಶ್ನೆ ಎಷ್ಟು, ಹೊತ್ತು ಎಷ್ಟು, ತಪ್ಪಿಗೆ ಎಷ್ಟು ಕಳೆಯುತ್ತಾರೆ.

"ನೋಡ್ರಪ್ಪ, ಫೆಬ್ರವರಿದು ಟೆಸ್ಟ್ ಮ್ಯಾಚು. ತಾಳ್ಮೆ ಬೇಕು, ತಪ್ಪಾದ್ರೆ ವಿಕೆಟ್ ಹೋಗುತ್ತೆ. ಮಾರ್ಚಿದು ಒನ್‌ಡೇ. ಜುಲೈದು ಟ್ವೆಂಟಿ-ಟ್ವೆಂಟಿ. ತಪ್ಪಿಗೆ ಮೈನಸ್ ಇಲ್ಲ, ಕಣ್ಮುಚ್ಕೊಂಡು ಬೀಸಿ."

ಎಲ್ಲರೂ ನಕ್ಕು ಬರೆದುಕೊಂಡರು. ಕವನಳೂ ಬರೆದುಕೊಂಡಳು. ಬರೆದುಕೊಂಡು, ಪಟ್ಟಿಯ ಬಲಕ್ಕೆ ತನ್ನದೇ ಒಂದು ಕಾಲಂ ಎಳೆದಳು. ಮೇಲೆ 'ಬೆರಳು' ಎಂದು ಬರೆದಳು. ಕೆಳಗೆ ಖಾಲಿ ಬಿಟ್ಟಳು.

ಯಾಕೆ ಎನ್ನುವುದಕ್ಕೆ ಅಡಿಕೆಯ ಹತ್ತಿರ ಹೋಗಬೇಕು.

ವಿಮಾನ ನಿಲ್ದಾಣವಿರುವ ಸೋಗಾನೆಯ ಆಚೆ ಶಿವಮೂರ್ತಪ್ಪನವರ ಅಡಿಕೆ ಸುಲಿಯುವ ಶೆಡ್ಡು. ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ ತಾಯಿ ಮಗಳಿಬ್ಬರೂ ಅಲ್ಲಿ. ತಾಯಿ ಭದ್ರಾವತಿಯಿಂದ ಮೊದಲ ಬಸ್ಸಿಗೆ, ಮಗಳು ಪಾಠ ಮುಗಿಸಿ ಮಧ್ಯಾಹ್ನಕ್ಕೆ. ತಗಡಿನ ಮಾಡು. ಮೇಲೆ ವಿಮಾನ ಇಳಿಯುವಾಗ ತಗಡು ನಡುಗುತ್ತದೆ. ಕೆಳಗೆ ಮೂವತ್ತು ಹೆಂಗಸರು, ಮೂವತ್ತು ಮೆಟ್ಟುಗತ್ತಿ. ಮಣೆಗೆ ನೆಟ್ಟ ಕತ್ತಿ ಅದು. ಮಣೆಯನ್ನು ಕಾಲಿನಲ್ಲಿ ಮೆಟ್ಟಬೇಕು. ಹಸಿ ಅಡಿಕೆಯನ್ನು ಎರಡೂ ಹೆಬ್ಬೆರಳಿನಿಂದ ಅಲಗಿಗೆ ಒತ್ತಬೇಕು. ಸಿಪ್ಪೆ ಆ ಕಡೆ, ತಿರುಳು ಈ ಕಡೆ. ಮತ್ತೊಂದು. ಮತ್ತೊಂದು. ಬೆನ್ನು ಮರಗಟ್ಟುತ್ತದೆ. ಬೆರಳಿಗೆ ಸೈಕಲ್ ಟ್ಯೂಬಿನ ಚೂರು ಸುತ್ತಿಕೊಳ್ಳುತ್ತಾರೆ, ಅದೂ ಹರಿಯುತ್ತದೆ. ಒಗರು ರಸ ಚರ್ಮಕ್ಕೆ ಇಳಿಯುತ್ತದೆ. ಕೈ ಮೊದಲು ಕೆಂಪು, ಆಮೇಲೆ ಕಂದು, ಆಮೇಲೆ ಕಪ್ಪು. ಅದಕ್ಕೆ ಕಾರಣ ಟ್ಯಾನಿನ್ ಎಂದು ಕವನ ಹೇಳಬಲ್ಲಳು. ಅದು ಚರ್ಮದ ಪ್ರೋಟೀನನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂದು ಸಮೀಕರಣ ಸಮೇತ ಬರೆಯಬಲ್ಲಳು. ಆ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿಲ್ಲ.

ಆರು ತಿಂಗಳು ಹಾಗೆ ಒತ್ತಿದರೆ ಹೆಬ್ಬೆರಳಿನ ಗೆರೆಗಳು ಸವೆಯುತ್ತವೆ. ಅಡಿಕೆ ಅವನ್ನು ತಿನ್ನುತ್ತದೆ. ಜನ ಅಡಿಕೆ ತಿನ್ನುತ್ತಾರೆ. ಲೆಕ್ಕ ಸರಿಹೋಗುತ್ತದೆ.

ಈಗ ಇನ್ನೊಂದು ಹೆಬ್ಬೆರಳು. ಕವನಳ ಅಪ್ಪ ಕೃಷ್ಣಪ್ಪನದು.

ಕೃಷ್ಣಪ್ಪ ಶಿವಮೊಗ್ಗ ಭದ್ರಾವತಿ ನಡುವಿನ ಒಂದು ಖಾಸಗಿ ಫೌಂಡ್ರಿಯಲ್ಲಿ ಗುತ್ತಿಗೆ ಆಳು. ಕರಗಿದ ಕಬ್ಬಿಣ ಸುರಿಯುವ ಕೆಲಸ. ಹದಿನೆಂಟು ವರ್ಷ ಬಿಸಿ ಹಿಡಿದ ಕೈ. ಬೆರಳ ತುದಿ ನುಣುಪು, ಗಾಜಿನ ಗೋಲಿಯ ಹಾಗೆ. ಊಟಕ್ಕೆ ಕೂತಾಗ ಮಗಳು ಅದನ್ನು ಮುಟ್ಟಿ ನೋಡಿ ನಗುತ್ತಿದ್ದಳು.

ಫೌಂಡ್ರಿಗೆ ಹಾಜರಿ ಯಂತ್ರ ಬಂತು. ತಂದು ಗೇಟಿಗೆ ಕೂರಿಸಿದವನು ಧರ್ಮೇಂದ್ರ. ಬೆಳಿಗ್ಗೆ ಆರಕ್ಕೆ ಮುಂಚೆಯೇ ಯಂತ್ರದ ಪಕ್ಕ ನಿಲ್ಲುತ್ತಿದ್ದವನೂ ಅವನೇ. ಯಂತ್ರದ ಮೂಲೆ ಒಡೆದಿತ್ತು. ಒಡಕಿನ ಮೇಲೆ ಗಣಪತಿಯ ಸ್ಟಿಕ್ಕರ್ ಅಂಟಿಸಿದ್ದ. ಗಣಪತಿಯ ಸೊಂಡಿಲು ಮಾತ್ರ ಉಳಿದಿತ್ತು.

ಕೃಷ್ಣಪ್ಪನ ಬೆರಳು ಇಟ್ಟರೆ ಕೆಂಪು ದೀಪ. ಮತ್ತೆ ಇಟ್ಟರೆ ಕೆಂಪು. ಧರ್ಮೇಂದ್ರ ಒಂದು ಕಾಗದ ಕೊಟ್ಟ. "ಸಹಿ ಹಾಕಿ ಒಳಗ್ ಹೋಗಣ್ಣ, ಸುಮ್ನೆ ಫಾರ್ಮಾಲಿಟಿ." 'ನನ್ನ ಹೆಬ್ಬೆರಳಿನಲ್ಲಿ ದೋಷವಿದೆ. ಹಾಜರಿ ದಾಖಲಾಗದಿದ್ದರೆ ನಾನೇ ಹೊಣೆ' ಎಂದು ಅದರಲ್ಲಿತ್ತು. ಕೃಷ್ಣಪ್ಪ ಸಹಿ ಹಾಕಿದ. ಒಳಗೆ ಹೋದ. ದಿನಾ ಹೋದ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಕರಗಿದ ಕಬ್ಬಿಣದ ತೊಟ್ಟಿ ವಾಲಿತು. ಕೃಷ್ಣಪ್ಪ ಅದರ ಕೆಳಗಿದ್ದ.

ಹುಲಿಗೆಮ್ಮ ಮಗಳನ್ನು ಕರೆದುಕೊಂಡು ಆಫೀಸಿಗೆ ಹೋದಳು. ಆಫೀಸಿನವರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. "ನೋಡಮ್ಮ, ಆ ದಿನ ನಿನ್ ಗಂಡ ಆಬ್ಸೆಂಟು."

"ಸ್ವಾಮಿ, ಸತ್ತಿದ್ದು ಒಳಗಲ್ವಾ?"

"ಕೆಲಸಕ್ಕೆ ಬಂದಿರ್ಲಿಲ್ಲ. ಬಂದಿರ್ಲಿಲ್ಲ ಅಂದ್ಮೇಲೆ ಒಳಗ್ ಯಾಕಿದ್ದ? ನಾವ್ ಕೇಳ್ಬೇಕು ಆ ಪ್ರಶ್ನೆ. ಕಬ್ಬಿಣ ಕದಿಯೋಕೆ ಬಂದಿದ್ನೇನೋ."

ಆಮೇಲೆ ಆ ಕಾಗದ ತೋರಿಸಿದರು. ನಾನೇ ಹೊಣೆ. ಕೃಷ್ಣಪ್ಪನ ಸಹಿ, ದುಂಡಗೆ, ಶಾಲೆ ಹುಡುಗನ ಹಾಗೆ.

ಪರಿಹಾರ ಬರಲಿಲ್ಲ. ಅದು ದೊಡ್ಡ ಸಂಗತಿಯಲ್ಲ, ಬಡವರಿಗೆ ಪರಿಹಾರ ಬರದಿರುವುದು ಕಥೆಯೇ ಅಲ್ಲ. ಕಥೆ ಏನೆಂದರೆ, ಸತ್ತ ದಿನ ಗೈರುಹಾಜರಾದ ಮನುಷ್ಯನಿಗೆ ಪೂರ್ತಿ ಸಾಯಲು ಬರುವುದಿಲ್ಲ. ಹದಿನೈದನೆಯ ದಿನ ಬೆಳಿಗ್ಗೆ ಹುಲಿಗೆಮ್ಮ ಬಾಗಿಲು ತೆಗೆದಳು. ಬಾಗಿಲ ಪಕ್ಕದ ಗೋಡೆಯ ಮೇಲೆ, ಎದೆಮಟ್ಟದಲ್ಲಿ, ಒಂದು ಮಸಿಯ ಗುರುತು. ಹೆಬ್ಬೆಟ್ಟಿನದು. ಗೆರೆಯೇ ಇಲ್ಲದ ನುಣುಪು ಹೆಬ್ಬೆಟ್ಟು.

ಒರೆಸಿದಳು. ಮಾರನೆಯ ದಿನ ಮತ್ತೆ ಇತ್ತು. ಸುಣ್ಣ ಬಳಿದಳು. ಸುಣ್ಣದ ಮೇಲೆ ಇನ್ನೂ ಚೆನ್ನಾಗಿ ಕಂಡಿತು.

ಪಕ್ಕದ ಮನೆಯ ಕಾಳಮ್ಮ ನೋಡಿ ಹೇಳಿದಳು: "ಯಾವ ಭೂತನೂ ಅಲ್ಲ ಹುಲಿಗಿ. ನಿನ್ ಗಂಡ ಕೆಲ್ಸಕ್ಕೆ ಹೊರಟವ್ನೆ. ಹಾಜರಿ ಹಾಕೋ ಜಾಗ ಹುಡುಕ್ತಾ ಅವ್ನೆ."

ಆಮೇಲೆ ಹುಲಿಗೆಮ್ಮ ಒರೆಸುವುದು ಬಿಟ್ಟಳು. ನಾಲ್ಕು ವರ್ಷದಲ್ಲಿ ಆ ಗೋಡೆ ಕಪ್ಪಾಗಿದೆ. ಅನುಮಾನವಿದ್ದವರು ಹೋಗಿ ನೋಡಬಹುದು. ಧರ್ಮೇಂದ್ರ ಇದುವರೆಗೆ ಹೋಗಿಲ್ಲ.

ಇಷ್ಟು ಹಿನ್ನೆಲೆ. ಈಗ ಪರೀಕ್ಷೆ.

ಫೆಬ್ರವರಿ. ಶಿವಮೊಗ್ಗದ ಹೊರವಲಯದ ಒಂದು ಕಾಲೇಜು. ಗೇಟಿನ ಮುಂದೆ ಸಾಲು. ಸಾಲಿನ ತುದಿಗೆ ಮೇಜು, ಮೇಜಿನ ಮೇಲೆ ಯಂತ್ರ, ಯಂತ್ರದ ಹಿಂದೆ ಧರ್ಮೇಂದ್ರ. ಫೌಂಡ್ರಿಯವರು ಹೊಸ ಯಂತ್ರ ಹಾಕಿಸಿಕೊಂಡಿದ್ದರು. ಹಳೆಯದು ಪರೀಕ್ಷೆಗಳಿಗೆ ಬಾಡಿಗೆಗೆ ಹೋಗುತ್ತಿತ್ತು. ಕವನ ಕಂಡದ್ದು ಮೊದಲು ಆ ಸೊಂಡಿಲು. ಅಪ್ಪ ಮನೆಯಲ್ಲಿ ಎಷ್ಟೋ ಸಲ ಹೇಳಿ ನಕ್ಕಿದ್ದ, ಬರೀ ಸೊಂಡಿಲಿನ ಗಣಪ ಎಂದು.

ಬೆರಳಿಟ್ಟಳು. ಕೆಂಪು.

"ಒರೆಸಿ ಇಡಮ್ಮ."

ಕೆಂಪು.

"ಏನ್ ಕೈ ಇದು? ಮೆಹಂದಿನಾ?" ಧರ್ಮೇಂದ್ರ ಅವಳ ಬೆರಳನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ, ಸತ್ತ ಹಲ್ಲಿಯನ್ನು ಎತ್ತುವ ಹಾಗೆ. ಸಾಲಿನಲ್ಲಿದ್ದವರು ಕತ್ತು ಚಾಚಿದರು. ಹತ್ತೂ ಬೆರಳು ಇಡಿಸಿದ. ಹತ್ತೂ ಕೆಂಪು. "ದೋಷದೋರೆಲ್ಲ ಗೋಡೆ ಪಕ್ಕ ನಿಲ್ರಿ!"

ಗೋಡೆಯ ಪಕ್ಕ ಆಗಲೇ ಐದಾರು ಜನ ಇದ್ದರು. ಇಟ್ಟಿಗೆ ಹೊರುವ ಹುಡುಗ. ಪಾತ್ರೆ ತಿಕ್ಕಿ ಓದಿದವಳು. ಬೀಡಿ ಸುತ್ತುವವಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರೂ ಕೈ ಹಿಂದೆ ಕಟ್ಟಿಕೊಂಡಿದ್ದರು.

ಕೊನೆಗೆ ಕಾಗದ ಬಂತು. ನನ್ನ ಹೆಬ್ಬೆರಳಿನಲ್ಲಿ ದೋಷವಿದೆ. ಅಪ್ಪ ಸಹಿ ಹಾಕಿದ್ದ ಕಾಗದವೇ ಎಂದು ಕವನ ಗುರುತು ಹಿಡಿದಳು. ಆದರೆ ಒಳಗೆ ಗಂಟೆ ಹೊಡೆದಿತ್ತು. ಸಹಿ ಹಾಕಿದಳು. ನಲವತ್ತು ನಿಮಿಷ ತಡವಾಗಿ ಕೂತು, ಆದಷ್ಟು ಬರೆದಳು. ಫಲಿತಾಂಶದ ದಿನ ಅವಳ ಹೆಸರಿನ ಮುಂದೆ ಅಂಕ ಇರಲಿಲ್ಲ. 'ತಡೆಹಿಡಿಯಲಾಗಿದೆ. ಗುರುತು ದೃಢಪಟ್ಟಿಲ್ಲ. ಅಭ್ಯರ್ಥಿಯೇ ದೋಷ ಒಪ್ಪಿದ್ದಾರೆ.'

ನೋಟ್‌ಬುಕ್ಕಿನ ಆ ಕಾಲಂನಲ್ಲಿ ಬರೆದಳು: ಕಪ್ಪು.

ಮಾರ್ಚ್. ಸುಲಿಯುವುದು ಮುಗಿದಿತ್ತು. ಚರ್ಮ ಪದರ ಪದರ ಏಳುತ್ತಿತ್ತು. ಹುಲಿಗೆಮ್ಮ ಮಗಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನಿಂಬೆಹುಳಿ ಹಾಕಿ ತಿಕ್ಕಿದಳು. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದಳು. ತೆಂಗಿನ ನಾರು ಹಾಕಿ ತಿಕ್ಕಿದಳು. ರಕ್ತ ಬಂತು.

"ಸಾಕು ಬಿಡವ್ವ."

"ಇರು, ಇನ್ನೊಂಚೂರು. ಕೆಳಗೆಲ್ಲೋ ಇರ್ತಾವೆ ಗೆರೆ. ನಾನ್ ಹೆತ್ತಾಗ ಇದ್ವು ಕಣೆ. ನೋಡಿದೀನಿ ನಾನು."

ಆ ಪರೀಕ್ಷೆಯಲ್ಲಿ ಕಾಗದವನ್ನೂ ಕೊಡಲಿಲ್ಲ. ಅದೇ ಗೇಟು, ಅದೇ ಯಂತ್ರ. ರಕ್ತ ಕಂಡು ಧರ್ಮೇಂದ್ರ "ಮಷಿನ್ ಹಾಳಾಗುತ್ತೆ, ಆ ಕಡೆ ಹೋಗು" ಎಂದ. ಗೇಟು ಹಾಕಿದರು. ಕಾಲಂನಲ್ಲಿ ಬರೆದಳು: ಸಿಪ್ಪೆ.

ತ್ರಿವಿಕ್ರಮ ಮೇಷ್ಟ್ರು ಧೈರ್ಯ ಹೇಳಿದರು. "ಜುಲೈ ಇದೆಯಲ್ಲಮ್ಮ. ನಮ್ಮ ರಾಜ್ಯದ್ದು. ಮೂರಕ್ಕೂ ಹೋಲಿಸಿದ್ರೆ ಅದೇ ಸುಲಭ. ಮೈನಸ್ಸೇ ಇಲ್ಲ."

"ನಮಗೆ ಮೈನಸ್ಸು ಗೇಟಲ್ಲೇ ಸಾರ್."

ಮೇಷ್ಟ್ರು ಇದನ್ನು ಜೋಕು ಎಂದುಕೊಂಡು ನಕ್ಕರು.

ಆಮೇಲೆ ನಾಲ್ಕು ತಿಂಗಳು ಹುಲಿಗೆಮ್ಮ ಮಗಳನ್ನು ಯಾವ ಕೆಲಸಕ್ಕೂ ಬಿಡಲಿಲ್ಲ. ಪೊರಕೆ ಮುಟ್ಟಬೇಡ. ಪಾತ್ರೆ ಮುಟ್ಟಬೇಡ. ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ, ಹಳೆ ಸೀರೆಯ ಬಟ್ಟೆ. ಬೆಳಿಗ್ಗೆ ಕೋಚಿಂಗ್ ಸೆಂಟರಿನ ಕಕ್ಕಸನ್ನು ಹುಲಿಗೆಮ್ಮನೇ ತೊಳೆದಳು. ಅದಾದ ಮೇಲೆ ರವೀಂದ್ರನಗರದಲ್ಲಿ ನಾಲ್ಕು ಮನೆ. ಅದಾದ ಮೇಲೆ ಒಂದು ಮದುವೆ ಮಂಟಪದ ಹಂಡೆಗಳು. ಮಗಳ ಬೆರಳಲ್ಲಿ ಗೆರೆ ಬೆಳೆಸಲು ತಾಯಿ ತನ್ನ ಬೆರಳನ್ನು ಗೊಬ್ಬರ ಮಾಡಿದಳು. ಜೂನ್ ಕೊನೆಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಕವನಳ ಹೆಬ್ಬೆರಳಲ್ಲಿ ಎರಡು ಮೂರು ಗೆರೆ, ಪೆನ್ಸಿಲಿನಲ್ಲಿ ಎಳೆದು ಅಳಿಸಿದ ಹಾಗೆ.

"ಬಂದಾವೆ!" ಎಂದು ಹುಲಿಗೆಮ್ಮ ಕೂಗಿದಳು. ಕಾಳಮ್ಮನನ್ನು ಕರೆದು ತೋರಿಸಿದಳು, ಮೊಮ್ಮಗುವನ್ನು ತೋರಿಸುವ ಹಾಗೆ.

ಜುಲೈ. ಪರೀಕ್ಷೆಯ ದಿನ ಬೆಳಿಗ್ಗೆ ಗೋಡೆಯ ಮೇಲೆ ಹೊಸ ಗುರುತು ಇರಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ. ಹುಲಿಗೆಮ್ಮ ಗೋಡೆ ಸವರಿ ನೋಡಿದಳು. ಒಣಗಿತ್ತು.

"ನಿಮ್ಮಪ್ಪ ಇವತ್ತೆಲ್ಲೋ ಮುಂಚೇನೆ ಹೋಗವ್ನೆ" ಎಂದಳು.

ಅದೇ ಗೇಟು. ಅದೇ ಸೊಂಡಿಲು. ಧರ್ಮೇಂದ್ರ ಗುರುತು ಹಿಡಿದ. "ಬಂದ್ಯಾ ಮಾರಾಯ್ತಿ? ನೀನ್ ಖಾಯಂ ಗಿರಾಕಿ."

ಬೆರಳಿಟ್ಟಳು. ಕೆಂಪು. ಒತ್ತಿ ಇಟ್ಟಳು. ಕೆಂಪು. ನಾಲ್ಕು ತಿಂಗಳ ಎಣ್ಣೆ, ನಾಲ್ಕು ತಿಂಗಳ ತಾಯಿ, ಕೆಂಪು.

"ಗೋಡೆ ಪಕ್ಕ" ಎಂದ ಧರ್ಮೇಂದ್ರ. ಕಾಗದ ಚಾಚಿದ.

ಕವನ ಕಾಗದ ಓದಿದಳು. ಬದಲಾಗಿರಲಿಲ್ಲ. ಅಪ್ಪನ ಕಾಲದ ಅಕ್ಷರಗಳೇ, ಅದೇ 'ನಾನೇ ಹೊಣೆ'. ಗೋಡೆಯ ಪಕ್ಕದವರು ಸಹಿ ಹಾಕುತ್ತಿದ್ದರು. ಹಾಕಿ ಓಡುತ್ತಿದ್ದರು. ಅವರನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಅವಳೂ ಫೆಬ್ರವರಿಯಲ್ಲಿ ಓಡಿದ್ದಳು.

"ಹಾಕಲ್ಲ" ಎಂದಳು.

"ಏನು?"

"ನನ್ ಬೆರಳಲ್ಲಿ ದೋಷ ಇಲ್ಲ. ಕೆಲಸ ಮಾಡಿದ ಬೆರಳಿದು. ನಿನ್ ಮಷಿನ್ನಿಗೆ ಕೆಲಸ ಮಾಡಿದ ಬೆರಳು ಗೊತ್ತಿಲ್ಲ. ಹಾಗಂತ ಬರಿ, ಸಹಿ ಹಾಕ್ತೀನಿ."

"ಬರೆಯೋಕೆ ನಾನ್ಯಾರು? ಮಷಿನ್ ಸುಳ್ಳು ಹೇಳಲ್ಲ ಕಣಮ್ಮ."

"ಹೇಳಲ್ವಾ?"

"ಹೇಳಲ್ಲ."

ಕವನ ಹೆಬ್ಬೆರಳನ್ನು ಮತ್ತೆ ಯಂತ್ರದ ಮೇಲಿಟ್ಟಳು. ಈ ಸಲ ತೆಗೆಯಲಿಲ್ಲ. ಅಡಿಕೆಯನ್ನು ಅಲಗಿಗೆ ಒತ್ತುವ ಹಾಗೆ ಒತ್ತಿ ನಿಂತಳು. ಹಿಂದೆ ಸಾಲು ಬೆಳೆಯಿತು. "ಏ, ಬೇಗ" ಎಂದು ಯಾರೋ ಕೂಗಿದರು. ಸುಟ್ಟ ಕಬ್ಬಿಣದ ವಾಸನೆ ಬಂತು. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡಳು, ಇದಕ್ಕೂ ಸಾಕ್ಷಿಯಿದೆ. ಗಾಜಿನ ಮೇಲೆ, ಕವನಳ ಬೆರಳಿನ ಸುತ್ತ, ಮಸಿ ಹಬ್ಬಿತು.

ದೀಪ ಹಸಿರಾಯಿತು.

ಪರದೆಯ ಮೇಲೆ ಬಂತು: ಕೃಷ್ಣಪ್ಪ. ಹಾಜರು. ಬೆಳಿಗ್ಗೆ 5:52.

ದಿನಾಂಕ ನಾಲ್ಕು ವರ್ಷದ ಹಿಂದಿನದು. ತೊಟ್ಟಿ ವಾಲಿದ ದಿನದ್ದು. ಶಿಫ್ಟು ಆರಕ್ಕೆ. ಎಂಟು ನಿಮಿಷ ಮೊದಲೇ ಬಂದಿದ್ದ.

ಧರ್ಮೇಂದ್ರನ ಮುಖದ ಬಣ್ಣ ಏನಾಯಿತು ಎಂದು ವರ್ಣಿಸುವ ಅಗತ್ಯವಿಲ್ಲ. ಈಗ ಹೇಗಿದೆಯೋ ಹಾಗೇ ಇತ್ತು.

ಪರೀಕ್ಷೆಯ ಮೇಲ್ವಿಚಾರಕರು ಓಡಿಬಂದರು. ಕನ್ನಡಕ ಏರಿಸಿ ಓದಿದರು. "ಕೃಷ್ಣಪ್ಪ ಯಾರು? ನಿನ್ನ ಹಾಲ್ ಟಿಕೆಟಲ್ಲಿ ಕವನ ಅಂತಿದೆ. ಒಬ್ರ ಬದಲು ಇನ್ನೊಬ್ರು ಬರೆಯೋದು ಕ್ರಿಮಿನಲ್ ಕೇಸಾಗುತ್ತೆ, ಗೊತ್ತಾ?"

"ನಮ್ಮಪ್ಪ ಸಾರ್."

"ಎಲ್ಲಿದಾನೆ? ಕರಿ."

"ಸತ್ತು ನಾಲ್ಕು ವರ್ಷ ಆಯ್ತು."

ಮೇಲ್ವಿಚಾರಕರಿಗೆ ಇದಕ್ಕೆ ಯಾವ ಫಾರಂ ಎಂದು ಹೊಳೆಯಲಿಲ್ಲ. "ನೋಡಮ್ಮ, ಇನ್ನು ಐದು ನಿಮಿಷ ಇದೆ. ಆ ಕಾಗದಕ್ಕೆ ಸಹಿ ಹಾಕು. ಒಳಗೆ ಹೋಗು. ಇದನ್ನೆಲ್ಲ ಅಳಿಸಿಬಿಡ್ತೀವಿ."

ಐದು ನಿಮಿಷ. ಗೇಟಿನ ಆಚೆ ಕಾರಿಡಾರು, ಕಾರಿಡಾರಿನ ಕೊನೆಗೆ ಕಂಪ್ಯೂಟರು, ಅದರಾಚೆ ಎಂ.ಎಸ್ಸಿ. ನೂರು ಪ್ರಶ್ನೆ, ಮೈನಸ್ ಇಲ್ಲ. ಕವನಳಿಗೆ ಅವುಗಳಲ್ಲಿ ತೊಂಬತ್ತು ಬರುತ್ತಿತ್ತು. ಗೇಟಿನ ಈಚೆ, ರಸ್ತೆಯ ಆ ಬದಿ, ಹುಲಿಗೆಮ್ಮ ಎರಡೂ ಕೈ ಮುಗಿದು ನಿಂತಿದ್ದಳು. ಯಾರಿಗೆ ಮುಗಿದಿದ್ದಳೋ.

ಕವನ ಬೆರಳು ತೆಗೆಯಲಿಲ್ಲ.

"ಸಾರ್, ಮಷಿನ್ ಸುಳ್ಳು ಹೇಳಲ್ಲ ಅಂದ್ರೆ ನಮ್ಮಪ್ಪ ಆವತ್ತು ಕೆಲಸಕ್ಕೆ ಬಂದಿದ್ದ. ಹಾಗಂತ ಬರ್ಕೊಡಿ. ಮಷಿನ್ ಸುಳ್ಳು ಹೇಳುತ್ತೆ ಅಂದ್ರೆ ನನ್ ಬೆರಳಲ್ಲಿ ದೋಷ ಇಲ್ಲ. ಹಾಗಂತ ಬರ್ಕೊಡಿ. ಎರಡ್ರಲ್ಲಿ ಒಂದು. ಯಾವ್ದಾದ್ರೂ ಆಗ್ಬಹುದು."

ಮೇಲ್ವಿಚಾರಕರು ಧರ್ಮೇಂದ್ರನನ್ನು ನೋಡಿದರು. ಧರ್ಮೇಂದ್ರ ಯಂತ್ರದ ವೈರು ಕಿತ್ತ. ಹಸಿರು ಆರಲಿಲ್ಲ. ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಕಿತ್ತ. ಹಸಿರು ಆರಲಿಲ್ಲ. ಬ್ಯಾಟರಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತ. ಕೃಷ್ಣಪ್ಪ ಹಾಜರಿದ್ದ.

ಗಂಟೆ ಹೊಡೆಯಿತು. ಗೇಟು ಹಾಕಿದರು. ಕವನ ಜುಲೈ ಪರೀಕ್ಷೆ ಬರೆಯಲಿಲ್ಲ. ಫೆಬ್ರವರಿಯಲ್ಲಿ ಗೋಡೆ ಪಕ್ಕ ನಿಂತಿದ್ದ ಆ ಬೀಡಿ ಸುತ್ತುವ ಹುಡುಗಿ ಈ ಸಲವೂ ಸಹಿ ಹಾಕಿ ನಾಲ್ಕು ಹೆಜ್ಜೆ ಒಳಗೆ ಹೋಗಿದ್ದಳು. ಹಿಂದಿರುಗಿ ಬಂದು, ಗೇಟಿನ ಸಂದಿಯಲ್ಲಿ ಕೈ ಹಾಕಿ, "ನನ್ ಕಾಗದ ವಾಪಸ್ ಕೊಡ್ರಿ" ಎಂದಳು. ಕೊಡಲಿಲ್ಲ. ಅವಳೂ ಅಲ್ಲೇ ಕೂತಳು.

ಆ ರಾತ್ರಿ ಕವನ ನೋಟ್‌ಬುಕ್ಕಿನ ಕಾಲಂ ತುಂಬಿದಳು. ಜುಲೈ: ಅಪ್ಪ.

ಮಾರನೆಯ ದಿನದಿಂದ ಗೋಡೆಯ ಮೇಲೆ ಮಸಿ ಮತ್ತೆ ಶುರುವಾಯಿತು. ಯಂತ್ರ ಒಪ್ಪಿದರೆ ಸಾಲದು, ಮನುಷ್ಯರು ಒಪ್ಪಬೇಕು ಎಂದು ಕಾಣುತ್ತದೆ. ಹಾಗಾಗಿ ಈ ಕಾಗದ, ಧರ್ಮೇಂದ್ರನ ಲೋಟದ ಕೆಳಗಿರುವುದು. ಕವನಳ ಅಕ್ಷರ. ಒಂದೇ ಸಾಲು: 'ಆ ದಿನ ಬೆಳಿಗ್ಗೆ ಕೃಷ್ಣಪ್ಪ ಕೆಲಸಕ್ಕೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.' ಕೆಳಗೆ ಸಹಿಗೆ ಜಾಗ. ಹೆಬ್ಬೆಟ್ಟಾದರೂ ಆಗುತ್ತದೆ. ಧರ್ಮೇಂದ್ರನ ಹೆಬ್ಬೆರಳಲ್ಲಿ ಗೆರೆಗಳು ಲಕ್ಷಣವಾಗಿವೆ, ಒಂದೂ ಸವೆದಿಲ್ಲ.

ಆದರೆ ಗೇಟಿನಲ್ಲಿ ಕೊನೆಗೆ ನಡೆದದ್ದೊಂದು ಉಳಿದಿದೆ. ಉಳಿದವರೆಲ್ಲ ಹೋದ ಮೇಲೆ ಮೇಜಿನ ಈಚೆ ಕವನ, ಅವಳ ಹಿಂದೆ ಬಂದು ನಿಂತ ಹುಲಿಗೆಮ್ಮ, ಗೇಟಿನ ಒಳಗೆ ಕೂತ ಬೀಡಿ ಹುಡುಗಿ, ಮೇಜಿನ ಆಚೆ ಈ ಧರ್ಮೇಂದ್ರ. ಅವಳು ಬೆರಳು ತೆಗೆದಳು. ಮೆತ್ತಗೆ ಕೇಳಿದಳು.

"ಅಣ್ಣ, ಮಷಿನ್ ಬಿಡು. ಆವತ್ತು ಗೇಟಲ್ಲಿ ನೀನೇ ಇದ್ದೆ. ನಮ್ಮಪ್ಪ ನಿನ್ ಮುಂದೇನೆ ಒಳಗ್ ಹೋಗಿದ್ದು. ನೋಡಿದ್ಯೋ, ಇಲ್ವೋ?"

ಧರ್ಮೇಂದ್ರ ಬಾಯಿ ತೆರೆದ. ಹೇಳಿದ. ಅವನು ಹೇಳಿದ್ದನ್ನು ಕವನ ಕೇಳಿದ್ದಾಳೆ, ಬೀಡಿ ಹುಡುಗಿ ಕೇಳಿದ್ದಾಳೆ, ಹುಲಿಗೆಮ್ಮ ಕೇಳಿದ್ದಾಳೆ. ಅದೇ ಮಾತನ್ನು ಇಲ್ಲಿ ಇನ್ನೊಂದು ಸಲ ಹೇಳಿದರೆ ಸಾಕು. ಅವನು ಹೇಳಿದ್ದು ಏನೆಂದರೆ, 'ನೋಡಿದೆ ಕಣಮ್ಮ, ನಾನೇ ಗೇಟು ತೆಗೆದು...'

ಏ ಧರ್ಮೇಂದ್ರ! ಎಲ್ಲಿಗೆ ಮಾರಾಯ? ಟೀ ಹಾಗೇ ಇದೆ. ಸಹಿ ಹಾಕ್ದೆ ಕಾಗದ ಇಲ್ಲೇ ಬಿಟ್ಟು ಹೊರಟ್ಯಲ್ಲ. ಬಾರೋ, ನೀನ್ ಅಲ್ಲ ಅಂದ್ರೆ ಅಲ್ಲ ಅನ್ನು, ನಾನೇ ಹೋಗಿ ಹೊಳೆಗೆ...